ಎರಡು ಗಂಟೆಯ ಊರು

ನಮ್ಮೂರಲ್ಲಿ ಗಂಟೆ ಎಷ್ಟೆಂದು ಕೇಳಿದರೆ
ಯಾವ ಹೊತ್ತಿನಲ್ಲೂ ಎರಡೇ ಅನ್ನುತ್ತಿದ್ದ ಅಜ್ಜ:
ಒಂದು ಸಂತ ಯೋಹಾನನದು, ಒಂದು ಚೀಯೋನಿನದು.
ಎರಡೂ ಲೂಥರನ್ನರವೇ. ನಡುವೆ
ಗೋಧಿ ಗಾಡಿ ತಿರುಗುವಷ್ಟು ರಸ್ತೆ.

ರಿಜಿಸ್ಟರು ಈಗ ನನ್ನ ಬಳಿ ಇದೆ.
ಸಮಾಧಿಯ ಹುಲ್ಲು ಕತ್ತರಿಸುವವಳಿಗೆ
ಬೀಗದ ಕೈ ಜೊತೆ ಅದೂ ಬಂತು, ಬೇರೆ ಯಾರಿಗೂ ಬೇಡವಾಗಿ.
ಮೊದಲ ಪುಟದ ಶಾಯಿ ಸೈಲೇಸಿಯಾದ್ದು.
ಅರಸ ಆರಾಧನೆಯ ಪುಸ್ತಕ ತಿದ್ದಿದನೆಂದು
ಮನೆ ಮಾರಿ ಹಡಗು ಹತ್ತಿದ ಜನ,
ದಾರಿಯಲ್ಲಿ ತೀರಿಕೊಂಡ ಕೂಸುಗಳ ಹೆಸರು ಬರೆದು
ಹೂಳಿದ ಸ್ಥಳ ಎಂಬಲ್ಲಿ
'ನೀರು' ಎಂದಷ್ಟೇ ಬರೆದವರು.

ಅರಸನಿಗೇ ಬಗ್ಗದವರು
ಪಕ್ಕದ ಮನೆಯವನಿಗೆ ಬಗ್ಗುತ್ತಾರೆಯೇ?
ಅಡಿಲೇಡಿನಿಂದ ಮೂರು ದಿನದ ಎತ್ತಿನ ಹಾದಿ,
ಮ್ಯಾಲಿ ಗಿಡದ ಬೇರು ಕಿತ್ತು ಕೈ ಬೊಬ್ಬೆಯೆದ್ದ ಸಂಜೆ
ಮಾತು ಹತ್ತಿತು: ಕ್ರಿಸ್ತ ಬಂದು ಸಾವಿರ ವರ್ಷ
ಈ ಮಣ್ಣಿನ ಮೇಲೇ ಆಳುವನೋ,
ಆ ಸಾವಿರ ಬರೀ ಮಾತಿನ ಸಾವಿರವೋ.
ಚಾವಣಿಗಿನ್ನೂ ಅರ್ಧ ಹುಲ್ಲು ಹೊದಿಸಿರಲಿಲ್ಲ.
ಸಾವಿರದ ಲೆಕ್ಕಕ್ಕೆ ನಲವತ್ತು ಮನೆ ಸೀಳಿತು.

ಟ್ರೌಗಟ್ ನಿಚ್ಕೆ ಹೊರನಡೆದ, ತನ್ನ ಬೆಂಚು ಹೊತ್ತು.
ತಾನೇ ಮಾಡಿದ ಬೆಂಚು; ಅದರ ಮೇಲೆ ಕೂತಿದ್ದಳು
ತಂಗಿ ಎರ್ನೆಸ್ಟೀನ. ಎದ್ದಳು, ಕೊಟ್ಟಳು,
ನೆಲದ ಮೇಲೆ ಕೂತಳು.
ಸಾಯುವ ತನಕ ಪ್ರತಿ ಭಾನುವಾರ ನೆಲದ ಮೇಲೇ, ಎಂದು ಅಜ್ಜ.
ನಾನು ಅರ್ಧ ನಂಬುತ್ತೇನೆ.

ಚೀಯೋನಿನವರು ಹತ್ತಕ್ಕೆ ಐದು ನಿಮಿಷ ಮೊದಲು ಬಾರಿಸಿದರು.
ಇವರು ಹತ್ತು ನಿಮಿಷ ಮೊದಲು. ಅವರು ಹದಿನೈದು.
ಹೀಗೆ ಜಗ್ಗಿ ಜಗ್ಗಿ ಆರಾಧನೆ
ಬೆಳಗಿನ ಆರಕ್ಕೆ ಬಂದು ನಿಂತಾಗ
ಹಾಲು ಕರೆಯುವ ಹೆಂಗಸರು ಇಬ್ಬರು ಪಾದ್ರಿಗಳಿಗೂ
ಹಾಲು ನಿಲ್ಲಿಸಿದರು.
ಮುಂದಿನ ವಾರ ಹತ್ತಕ್ಕೇ ಮೊಳಗಿದವು.
ಇದು ರಿಜಿಸ್ಟರಿನಲ್ಲಿಲ್ಲ.

ಹದಿನೇಳನೇ ಇಸವಿಯ ಜುಲೈ ಪುಟ
ನಡುವಿಗೇ ಭಾಷೆ ಬದಲಿಸಿದೆ.
ಕೆಳಗಿನರ್ಧದ ಇಂಗ್ಲಿಷು
ಕಾಲು ಕಚ್ಚುವ ಹೊಸ ಬೂಟಿನ ನಡಿಗೆ.
ಶಾಲೆಗೆ ಬೀಗ. ಲಿಂಡನ್‌ಬ್ರುನ್ ಎಂಬ ಊರಿನ ಹಲಗೆ ಕಿತ್ತು
ಯಾವನೋ ಸೇನಾಪತಿಯ ಹೆಸರು ಹೊಡೆದರು.
ಪೊಲೀಸರು ಬಂದ ಆ ದಿನ ಎರಡು ಗಂಟೆಗಳೂ
ಒಟ್ಟಿಗೆ ಸುಮ್ಮನಿದ್ದವು;
ಅವು ಒಪ್ಪಿಕೊಂಡದ್ದು ಅದೊಂದೇ.
ಆಮೇಲೆ ಅಜ್ಜಿ ಜರ್ಮನ್ ಆಡಿದ್ದು ಕೋಳಿಗಳ ಜೊತೆ ಮಾತ್ರ.
ಕೋಳಿಗಳು ಯಾರಿಗೂ ಹೇಳಲಿಲ್ಲ.

ಅರವತ್ತಾರರಲ್ಲಿ ದೂರದಲ್ಲೆಲ್ಲೋ
ದೊಡ್ಡವರು ರುಜು ಹಾಕಿ ಒಂದಾದರು.
ಸಾವಿರ ವರ್ಷದ ಮಾತು ಏನಾಯಿತೆಂದು ಇಲ್ಲಿ ಕೇಳಿದವರಿಲ್ಲ.
ಯಾರ ಕಾಫಿ ಪಾತ್ರೆ ಇಟ್ಟುಕೊಳ್ಳುವುದು
ಎಂಬುದಕ್ಕೆ ಏಳು ಸಭೆ ನಡೆದವು.
ಚೀಯೋನು ಉಣ್ಣೆಯ ಗೋದಾಮಾಯಿತು.
ಕುರಿಗಳದೂ ಒಂದು ಸಭೆಯೇ ಅಲ್ಲವೆ ಎಂದು
ಪಾಸ್ಟರ್ ಹಾಬರ್‌ಮೆಲ್ ನಗಿಸಲು ನೋಡಿದ.
ಅಮ್ಮ ನಗಲಿಲ್ಲ. ಅವಳು ಚೀಯೋನಿನ ಮಗಳು.

ನಾಲ್ಕು ಜನ ಹೊತ್ತು ತಂದರು ಟ್ರೌಗಟ್‌ನ ಬೆಂಚು, ರಸ್ತೆ ದಾಟಿ.
ಒಂದು ಕಾಲು ಮೋಟು. ಯಾರೂ ಕೂರುವುದಿಲ್ಲ.
ನಾನು ಅದರ ಮೇಲೆ ಯಂತ್ರದ ಎಣ್ಣೆಡಬ್ಬಿ ಇಡುತ್ತೇನೆ.

ಸಮಾಧಿಗಳ ನಡುವಿನ ಬೇಲಿ ಕಿತ್ತು
ಐವತ್ತು ಚಿಲ್ಲರೆ ವರ್ಷವಾಯಿತು. ಹುಲ್ಲಿಗಿನ್ನೂ ಗೊತ್ತು;
ಆ ಗೆರೆಯಲ್ಲಿ ಅದರ ಹಸಿರೇ ಬೇರೆ,
ಯಂತ್ರ ಅಲ್ಲಿ ಬಂದಾಗ ಕೆಮ್ಮುತ್ತದೆ.
ಅಣ್ಣ ಆಚೆ, ತಂಗಿ ಈಚೆ.

ಈ ತಿಂಗಳು ಪಾಸ್ಟರ್ ಬಂದ ಭಾನುವಾರ ಬರೆದೆ:
ಹಾಜರಿ ಹನ್ನೊಂದು. ಗಂಟೆ ಒಂದು. ಬಾರಿಸಿದವಳು ನಾನೇ.
ಪ್ರಸಂಗದ ನಡುವೆ, ಯಾಕೋ,
ಹಿಂದೆ ಹೋಗಿ ನೆಲದ ಮೇಲೆ ಕೂತು ನೋಡಿದೆ.
ಅಲ್ಲಿಂದ ಬಲಿಪೀಠ ಕಾಣುವುದಿಲ್ಲ.
ಎಲ್ಲರ ಬೂಟು ಕಾಣುತ್ತದೆ, ಸಾಲಾಗಿ,
ಎರಡೂ ಕಡೆಯ ಕೆಂಪು ಮಣ್ಣು ಮೆತ್ತಿಕೊಂಡು.
ಏಳಲು ಯಾರದೋ ಕೈ ಬೇಕಾಯಿತು.